ನಾನು ಹೇಳಿಕೊಟ್ಟ ಪದ

ಅದು ಭಾನುವಾರ. ನಮ್ಮ ಮಿಕ್ಸಿ ಕೆಟ್ಟಿತ್ತು. ಜಾರಿನ ಕೆಳಗಿನ ಕಪ್ಲರ್ ಸವೆದು, ಮೋಟಾರು ತಿರುಗಿದರೂ ಬ್ಲೇಡು ತಿರುಗುತ್ತಿರಲಿಲ್ಲ. ಚೆನ್ನೈ ಪಕ್ಕದ ಎಣ್ಣೂರಿನ ಬಾಡಿಗೆ ಮನೆಯ ಹಾಲಿನಲ್ಲಿ ಹಳೆಯ ಪೇಪರ್ ಹಾಸಿಕೊಂಡು ಅದನ್ನು ಬಿಚ್ಚಿ ಕೂತಿದ್ದೆ. ನಾನು ಬಂದರಿನ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಕ್ರೇನ್ ಫಿಟ್ಟರ್. ದೊಡ್ಡ ದೊಡ್ಡ ಗೇರ್‌ಗಳನ್ನು ಬಿಚ್ಚಿ ಜೋಡಿಸುವವನಿಗೆ ಮನೆಯ ಮಿಕ್ಸಿ ಸರಿಮಾಡಲು ಎರಡು ವಾರ ಬೇಕಾಯಿತು ಎಂದು ಹೆಂಡತಿ ಬೆಳಗಿನಿಂದ ಚುಚ್ಚುತ್ತಿದ್ದಳು. ಅವಳು ಅಡುಗೆಮನೆಯ ಹೊಸಿಲ ಮೇಲೆ ಕೂತು, ಕ್ಯಾಲೆಂಡರಿನಿಂದ ಹರಿದ ಹಿಂದಿನ ದಿನದ ಹಾಳೆಯ ಬೆನ್ನಲ್ಲಿ ಏನೋ ಬರೆಯುತ್ತಿದ್ದಳು.

"ರೀ, ವಿರೋಧ ಮಾಡ್ತೀವಿ ಅನ್ನಕ್ಕೆ ತಮಿಳಲ್ಲಿ ಏನಂತಾರೆ? ಎದಿರ್ಕಿರೋಂ ಅಂತಲ್ವಾ?"

ನನ್ನ ಬಾಯಲ್ಲಿ ಎರಡು ಸ್ಕ್ರೂ ಇದ್ದವು. ಅವನ್ನು ತೆಗೆಯದೆ, ತಲೆಯನ್ನೂ ಎತ್ತದೆ, "ಎದಿರ್‌ಪಾರ್ಕಿರೋಂ" ಎಂದೆ.

"ಮೀನಕ್ಕ ಎದಿರ್ಕಿರೋಂ ಅಂತಾಳಪ್ಪ."

ಮೀನಕ್ಕ ಎಂದರೆ ನಮ್ಮ ಎದುರು ಮನೆಯವಳು. ಅಳಿವೆಯ ನೀರಿಗಿಳಿದು ಕೈಯಲ್ಲೇ ಸಿಗಡಿ ಹಿಡಿದು ಬೀದಿಯಲ್ಲಿ ಮಾರುವವಳು. ಹೆಸರು ಬೇರೆ ಇದೆ, ನಮ್ಮ ಮನೆಯಲ್ಲಿ ಅವಳು ಮೀನಕ್ಕನೇ.

"ಅದು ಬೀದಿ ಮಾತು ಕಣೆ. ಆಫೀಸರ್ ಮುಂದೆ ಪೂರ್ತಿ ಹೇಳ್ಬೇಕು. ಎದುರು ನಿಂತ್ಕೊಂಡು ಒಂದು ಕೈ ನೋಡ್ಕೋತೀವಿ ಅಂತ ಅದರರ್ಥ."

"ನೋಡ್ರಪ್ಪ ನಮ್ ಮನೆ ಪಂಡಿತರ್ನ" ಎಂದು ನಕ್ಕಳು. ಪೆನ್ನು ಕಾಗದದ ಮೇಲೆ ಗೀಚಿದ ಸದ್ದು ಕೇಳಿತು. ತನ್ನ ಪದವನ್ನು ಹೊಡೆದುಹಾಕಿ ಕೆಳಗೆ ನನ್ನದನ್ನು ಬರೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಮಿಕ್ಸಿ ತಿರುಗಿತು. ಕಾಯಿ, ಮೆಣಸಿನಕಾಯಿ ರುಬ್ಬಿ ಸಿಗಡಿ ಸಾರು ಮಾಡಿದಳು. ಇಬ್ಬರೂ ಉಂಡು ಫ್ಯಾನಿನ ಕೆಳಗೆ ಮಲಗಿದೆವು. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಅದು.

ಅವಳಿಗೆ ಆ ಪದ ಯಾಕೆ ಬೇಕಿತ್ತು ಎಂಬುದನ್ನು ಹೇಳಬೇಕು. ನಮ್ಮ ಬೀದಿಯ ಹಿಂದೆ ಅಳಿವೆ, ಅದರ ಆಚೆಗೆ ಬಿಟ್ಟುಹೋದ ಉಪ್ಪಿನ ಗದ್ದೆಗಳು. ಆ ಜಾಗದಲ್ಲಿ ಕಾರ್ಖಾನೆಗಳ ವಿಷದ ಕಸವನ್ನು ತಂದು ಹೂಳುವ ಗುಂಡಿಗಳು ಬರುತ್ತವೆ ಎಂದು ಒಂದು ನೋಟಿಸು ಅಂಟಿಸಿದ್ದರು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸುತ್ತಾರೆ, ಮೇಲೆ ಮಣ್ಣು ಮುಚ್ಚುತ್ತಾರೆ, ಒಂದು ತೊಟ್ಟೂ ಸೋರುವುದಿಲ್ಲ ಎಂದು ಅದರಲ್ಲಿತ್ತು. ಮಳೆಗಾಲದಲ್ಲಿ ಆ ಗದ್ದೆಗಳೂ ಅಳಿವೆಯೂ ಒಂದೇ ನೀರಾಗುವುದನ್ನು ನಮ್ಮ ಅಡುಗೆಮನೆಯ ಕಿಟಕಿಯಿಂದ ಪ್ರತಿ ವರ್ಷ ನೋಡುತ್ತಿದ್ದೆವು. ಜನರ ಅಭಿಪ್ರಾಯ ಕೇಳಲು ಸೋಮವಾರ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಇಟ್ಟಿದ್ದರು. ಯಾರು ಬೇಕಾದರೂ ಟೋಕನ್ ಪಡೆದು ಮಾತಾಡಬಹುದಿತ್ತು.

ನಾನು ಮಾತಾಡುವ ಹಾಗಿರಲಿಲ್ಲ. ನಮ್ಮ ವರ್ಕ್‌ಶಾಪಿಗೆ ಕೆಲಸ ಬರುವುದೂ ಆ ಕಾರ್ಖಾನೆಗಳಿಂದಲೇ, ಅದಕ್ಕೆ ಸಭೆಯಲ್ಲಿ ಯಾರೂ ಬಾಯಿ ಬಿಡಬೇಡಿ ಎಂದು ವರ್ಕ್‌ಶಾಪಿನ ಸೂಪರ್‌ವೈಸರ್ ಮೊದಲೇ ಹೇಳಿದ್ದರು. ಮನೆಗೆ ಬಂದು ಅದನ್ನು ಹೇಳಿದಾಗ ಅವಳು, "ಸರಿ ಬುಡಿ, ನಿಮ್ ಬಾಯಿಗೆ ಬೀಗ ಹಾಕವ್ರೆ. ನನ್ ಬಾಯಿಗೆ ಯಾರೂ ಸಂಬಳ ಕೊಡ್ತಿಲ್ವಲ್ಲ" ಎಂದಳು. ನಾವು ಮಂಡ್ಯದ ಕಡೆಯವರು. ಇಲ್ಲಿಗೆ ಬಂದು ಹದಿಮೂರು ವರ್ಷವಾಗಿದ್ದರೂ ಅವಳು ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳ ತಮಿಳು ಮೀನಕ್ಕನ ಬುಟ್ಟಿಯ ಮುಂದೆ ಕಲಿತದ್ದು. ನನ್ನದು ನಟ್ಟು ಬೋಲ್ಟುಗಳ ನಡುವೆ ಕಲಿತದ್ದು. ನಮಗೆ ಮಕ್ಕಳಿಲ್ಲ. ಇದ್ದಿದ್ದರೆ ಇಲ್ಲಿಯ ಶಾಲೆಯಲ್ಲಿ ಓದಿ, ಆ ಭಾನುವಾರ ನಮ್ಮಿಬ್ಬರನ್ನೂ ನೋಡಿ ನಕ್ಕು ತಿದ್ದಿರುತ್ತಿದ್ದವು.

ನಾನು ಹೇಳಿಕೊಟ್ಟ ಪದ ನನಗೆ ಸಿಕ್ಕಿದ್ದು ವರ್ಕ್‌ಶಾಪಿನ ಬಾಗಿಲ ಮೇಲಿನ ಸುರಕ್ಷತೆಯ ಬೋರ್ಡಿನಿಂದ. ಪ್ರತಿ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಅದರ ಕೊನೆಯ ಪದ ಎದಿರ್‌ಪಾರ್ಕಿರೋಂ. ಓದುವವರ ದನಿ ಅಲ್ಲಿಗೆ ಬಂದಾಗ ಗಡಸಾಗುತ್ತದೆ. ಅದರಲ್ಲಿ 'ಎದುರು' ಇದೆ, 'ನೋಡು' ಎನ್ನುವ 'ಪಾರ್' ಇದೆ. ಅಷ್ಟು ಸಾಕೆಂದುಕೊಂಡೆ. ಎದುರುನೋಡುವುದು ಎಂದರೆ ಏನು ಎಂದು ನನ್ನ ಸ್ವಂತ ಭಾಷೆಯನ್ನೇ ಕೇಳಿಕೊಳ್ಳಲಿಲ್ಲ.

ಸೋಮವಾರ ರಜೆ ಹಾಕಿ ಮಂಟಪದ ಹಿಂದಿನ ಕಂಬದ ಬಳಿ ಕೂತೆ. ಮುಂದಿನ ಸಾಲುಗಳಲ್ಲಿ ಯೋಜನೆಯ ಪರವಾಗಿ ಬಸ್ಸುಗಳಲ್ಲಿ ಕರೆತಂದಿದ್ದ ಜನ. ಅವರು ಯಾವ ಬೀದಿಯವರೆಂದು ನಮ್ಮ ಬೀದಿಯವರಿಗೆ ಗೊತ್ತಿರಲಿಲ್ಲ. ಮದುವೆಗೆ ಕಟ್ಟಿದ್ದ ಪ್ಲಾಸ್ಟಿಕ್ ಹೂವು ವೇದಿಕೆಯ ಮೇಲೆ ಹಾಗೇ ಇತ್ತು. ಅದರ ಕೆಳಗೆ ಅಧಿಕಾರಿಗಳು ಕೂತಿದ್ದರು, ಪಕ್ಕದಲ್ಲಿ ಶಾಸಕರು. ಮೀನಕ್ಕ ಮಾತಾಡಿದಳು, ಮಾತಿಗಿಂತ ಹೆಚ್ಚು ಬೈದಳು. ಆಮೇಲೆ ನನ್ನ ಹೆಂಡತಿಯ ಟೋಕನ್ ಬಂತು.

ಅವಳು ನೀಲಿ ಸೀರೆ ಉಟ್ಟಿದ್ದಳು. ಕ್ಯಾಲೆಂಡರಿನ ಹಾಳೆ ಕೈಯಲ್ಲಿತ್ತು, ನೋಡಲಿಲ್ಲ. ಇಲ್ಲಿ ಹದಿಮೂರು ವರ್ಷದಿಂದ ಇದ್ದೇನೆ, ಒಣಹಾಕಿದ ಬಟ್ಟೆಯ ಮೇಲೆ ದಿನಾ ಕಾರ್ಖಾನೆಯ ಬೂದಿ ಬೀಳುತ್ತದೆ, ಮಳೆ ಬಂದರೆ ಆ ಗದ್ದೆಯ ನೀರು ನಮ್ಮ ಬಾಗಿಲಿಗೆ ಬರುತ್ತದೆ ಎಂದು ಒಂದೂ ತಪ್ಪಿಲ್ಲದೆ ಹೇಳಿದಳು. ಅವಳು ಉಸಿರು ತೆಗೆದುಕೊಂಡು ದನಿ ಏರಿಸಿದಳು.

"ಇಂದ ವಿಷಕ್ ಕುಪ್ಪೈ ಕಿಡಂಗೈ ನಾಂಗ ಎಲ್ಲಾರುಂ ಎದಿರ್‌ಪಾರ್ಕಿರೋಂ!"

ಮುಂದಿನ ಸಾಲುಗಳಿಂದ ಚಪ್ಪಾಳೆ ಬಂತು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಹಣೆಗೆ ಕೈ ಒತ್ತಿಕೊಂಡರು. ಆಗ, ಆ ಚಪ್ಪಾಳೆಯ ಮಧ್ಯೆ, ಪದ ನನ್ನ ಕಿವಿಯಲ್ಲಿ ತನ್ನ ಅರ್ಥವನ್ನು ತಾನೇ ಬಿಡಿಸಿಕೊಂಡಿತು. ಎದಿರ್ಕಿರೋಂ ಎಂದರೆ ವಿರೋಧಿಸುತ್ತೇವೆ. ಎದಿರ್‌ಪಾರ್ಕಿರೋಂ ಎಂದರೆ ಎದುರುನೋಡುತ್ತಿದ್ದೇವೆ, ಬೋರ್ಡಿನಲ್ಲಿದ್ದದ್ದು ನಿಮ್ಮ ಸಹಕಾರವನ್ನು ಎಂದು. ಈ ವಿಷದ ಕಸದ ಗುಂಡಿ ಯಾವಾಗ ಬರುತ್ತದೋ ಎಂದು ನಾವೆಲ್ಲರೂ ಕಾದು ಕೂತಿದ್ದೇವೆ ಎಂದು ನನ್ನ ಹೆಂಡತಿ ಹೇಳಿದ್ದಳು.

"ಅಯ್ಯೋ, ಎದಿರ್ಕಿರೋಂನು ಸೊಲ್ಲುಮ್ಮಾ!" ಎಂದು ಮೀನಕ್ಕ ಕುರ್ಚಿಯಿಂದ ಎದ್ದು ಕಿರುಚಿದಳು. ಎದಿರ್ಕಿರೋಂ ಎಂದು ಹೇಳಮ್ಮಾ ಎಂಬ ಆ ಕೂಗು ಚಪ್ಪಾಳೆಯಲ್ಲಿ ಹೆಂಡತಿಗೆ ಕೇಳಲಿಲ್ಲ, ಅಷ್ಟರಲ್ಲಿ ಮೈಕು ಬೇರೆಯವರ ಕೈಗೆ ಹೋಗಿತ್ತು. "ಪದಿವಾಯಿಡುಚ್ಚು" ಎಂದರು ವೇದಿಕೆಯ ಮೇಲಿದ್ದವರು, ದಾಖಲಾಯಿತು ಎಂದು, ಮುಂದಿನ ಟೋಕನ್ ಕರೆದರು. ಶಾಸಕರು ನಗುತ್ತಾ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು.

ನಾನು ಎದ್ದು, ತಪ್ಪು ನನ್ನದು, ಅವಳಿಗೆ ಆ ಪದ ಹೇಳಿಕೊಟ್ಟವನು ನಾನು ಎನ್ನಬಹುದಿತ್ತು. ಏಳಲಿಲ್ಲ. ಸೂಪರ್‌ವೈಸರ್ ಎಲ್ಲಿಯಾದರೂ ಇರಬಹುದು ಎಂದು ಆಗಲೂ ಯೋಚಿಸಿದೆ ಎಂಬುದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ.

ಅವಳು ಕಂಬದ ಹತ್ತಿರ ಬಂದಳು. ಮುಖವೆಲ್ಲ ಬೆವರು, ಬೆವರಿನ ಕೆಳಗೆ ನಗು.

"ಕೈ ತಟ್ಟಿದ್ರು ಕಣ್ರೀ. ಕೇಳುಸ್ತಾ?"

"ಕೇಳುಸ್ತು" ಎಂದೆ.

ವಿಷಯ ತಿಳಿಸಿದ್ದು ಮೀನಕ್ಕ, ಮಂಟಪದ ಹೊರಗೆ, ಚಪ್ಪಲಿ ಬಿಟ್ಟಿದ್ದ ಜಾಗದಲ್ಲಿ. ಹೆಂಡತಿ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಿದ್ದವಳು ಹಾಗೇ ನಿಂತಳು. "ಯಾರುಮ್ಮಾ ಉನಕ್ಕು ಇದೈ ಸೊಲ್ಲಿಕ್ಕುಡುತ್ತದು?" ಎಂದು ಮೀನಕ್ಕ ಕೇಳಿದಳು. ಯಾರು ನಿನಗೆ ಇದನ್ನು ಹೇಳಿಕೊಟ್ಟದ್ದು?

ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಬೇಕೆಂದೇ ಎಂದು ನನಗೆ ಗೊತ್ತಾಯಿತು.

"ನಾನೇ ಅಕ್ಕಾ" ಎಂದಳು. "ನಾನೇ ಕಲ್ತಿದ್ದು. ತಪ್ಪಾಗೋಯ್ತು."

ಸಂಜೆಯೊಳಗೆ ಅವಳು ಮಾತಾಡಿದ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಬೂದಿ, ಮಳೆ, ಬಾಗಿಲಿಗೆ ಬರುವ ನೀರು ಯಾವುದೂ ಇರಲಿಲ್ಲ. ಕೊನೆಯ ಒಂದು ವಾಕ್ಯ ಮಾತ್ರ ಇತ್ತು. ಮಾರನೆಯ ದಿನ ಶಾಸಕರು ಟಿವಿಯವರ ಮೈಕಿನ ಮುಂದೆ ನಿಂತು, ಹೊರ ರಾಜ್ಯದಿಂದ ಬಂದ ತಾಯಿಯೇ ನಮ್ಮ ಯೋಜನೆಯನ್ನು ಎದುರುನೋಡುತ್ತಿದ್ದಾರೆ, ವಿರೋಧಿಸುವವರು ಯಾರೋ ಕಳಿಸಿದವರು ಎಂದರು. ಬೀದಿಯಲ್ಲಿ ತಮಾಷೆ ಶುರುವಾಯಿತು. ಹೂವು ಕಟ್ಟುವವಳು, "ಎನ್ನಾ ಕನ್ನಡಕ್ಕಾ, ನೀಂಗ ಎದಿರ್‌ಪಾತ್ತ ಕುಪ್ಪೈ ಇನ್ನುಂ ವರಲಿಯಾ?" ಎಂದು ಕೇಳುತ್ತಿದ್ದಳು. ನೀವು ಕಾಯುತ್ತಿದ್ದ ಕಸ ಇನ್ನೂ ಬರಲಿಲ್ಲವಾ ಎಂದು. ಮೊದಮೊದಲು ಹೆಂಡತಿಯೂ ನಕ್ಕು, "ದಾರೀಲಿದೆಯಂತೆ, ನಿಮ್ಮನೆಗೇ ಮೊದಲು ಕಳಿಸ್ತೀನಿ" ಎನ್ನುತ್ತಿದ್ದಳು. ಆಮೇಲೆ ತಮಾಷೆ ಬೇರೆ ಥರ ಆಯಿತು. ಗಂಡ ಬಂದರಿನ ಕಡೆ ಕೆಲಸಕ್ಕಿದ್ದಾನಲ್ಲ, ಅದಕ್ಕೇ ಹಾಗೆ ಹೇಳಿಸಿದ್ದಾರೆ ಎಂದು ಒಬ್ಬರು ಅಂದರು. ಅವಳು ಹೂವು ಕೊಳ್ಳಲು ಮುಂದಿನ ಬೀದಿಗೆ ಹೋಗತೊಡಗಿದಳು.

ನಾನು ಒಂದು ಸಲ, "ನಾನೇ ಹೇಳ್ಕೊಟ್ಟಿದ್ದು ಅಂತ ಹೇಳ್ಬುಡ್ಲಾ?" ಎಂದೆ.

"ಬ್ಯಾಡ. ಈಗಲೇ ಬೇಕಂತ ಹೇಳ್ಸವ್ನೆ ಅಂತಾವ್ರೆ. ನೀವು ಒಪ್ಕೊಂಡ್ರೆ ಅದೇ ನಿಜ ಆಗೋಯ್ತದೆ."

"ಮತ್ತೆ ನಿನ್ ಮೇಲೆ ಬಂದಿರೋದು?"

"ನನ್ ಮೇಲಿರೋದ ನಾನ್ ತಿದ್ದುಸ್ಕೋತೀನಿ. ಆ ಪುಸ್ತಕದಾಗೆ ಬರ್ಕೊಂಡವ್ರಲ್ಲ, ಅದನ್ನ ಹೊಡ್ದಾಕಿ ಸರಿಯಾಗಿ ಬರೆದ್ರೆ ಸಾಕು. ಇನ್ನೇನೂ ಬ್ಯಾಡ."

ಸರಿ ಎಂದುಬಿಟ್ಟೆ. ಅಷ್ಟು ಬೇಗ ಒಪ್ಪಿಬಿಟ್ಟೆ.

ಅಲ್ಲಿಂದ ನಾಲ್ಕು ತಿಂಗಳು ಅವಳು ಹಿಂದೆ ಬಿದ್ದದ್ದು ಆ ಒಂದು ಸಾಲಿನ ತಿದ್ದುಪಡಿಗೆ. ಸಭೆಯ ನಡಾವಳಿಯ ಪ್ರತಿ ತರಿಸಿದೆವು. ಮೀನಕ್ಕ ಓದಿ ಹೇಳಿದಳು. ವಿರೋಧಿಸಿದವರ ಪಟ್ಟಿ ಉದ್ದಕ್ಕಿತ್ತು, ಮೀನಕ್ಕನ ಬೈಗುಳವನ್ನು 'ಆಕ್ಷೇಪಣೆ' ಎಂದು ಬರೆದಿದ್ದರು. ಬೆಂಬಲಿಸಿದವರ ಪಟ್ಟಿಯಲ್ಲಿ ನಮ್ಮ ಬೀದಿಯಿಂದ ಒಂದೇ ಹೆಸರು. 'ಈ ಯೋಜನೆಯನ್ನು ಎದುರುನೋಡುತ್ತಿರುವುದಾಗಿ ತಿಳಿಸಿದರು.'

ಮೊದಲು ಶಾಸಕರ ಕಚೇರಿಗೆ ಹೋದೆವು. ಅವರು ಗೌರವವಾಗಿಯೇ ಕೂರಿಸಿದರು, ಕಾಫಿ ತರಿಸಿದರು. ಅವಳು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿದರು. ನಗುತ್ತಲೇ, "ಅಮ್ಮಾ, ಉಂಗ ಮನಸ್ಸುಲ ಎನ್ನ ಇರುಂದುದೋ ಎನಕ್ಕು ಎಪ್ಪಡಿಮ್ಮಾ ತೆರಿಯುಂ? ಮೈಕ್‌ಲ ವಂದದುದಾನೇ ಕಣಕ್ಕು" ಎಂದರು. ಮನಸ್ಸಿನಲ್ಲಿ ಏನಿತ್ತೋ ನನಗೆ ಹೇಗೆ ಗೊತ್ತು, ಮೈಕಿನಲ್ಲಿ ಬಂದದ್ದೇ ಲೆಕ್ಕ. ಇನ್ನೂ ಏನೂ ತೀರ್ಮಾನವಾಗಿಲ್ಲ, ಸುಮ್ಮನೆ ಹೆದರಬೇಡಿ ಎಂದೂ ಸೇರಿಸಿದರು. ಹೊರಬರುವಾಗ ಅವಳು, "ತೀರ್ಮಾನ ಆಗದೇ ಇದ್ರೆ ನನ್ ಮಾತ್ನ ಟಿವೀಲಿ ಯಾಕೆ ಹಾಕುದ್ರು?" ಎಂದು ನನ್ನನ್ನು ಕೇಳಿದಳು, ಅವರನ್ನಲ್ಲ.

ಆಮೇಲೆ ಎದುರು ಪಕ್ಷದ ನಾಯಕರು ಬಂದರು. ಬೀದಿಯವರು ಧರಣಿಗೆ ಹಾಕಿದ್ದ ಚಪ್ಪರದಲ್ಲಿ ಅವಳನ್ನು ವೇದಿಕೆಗೆ ಕರೆದು, ಮೈಕು ಕೊಟ್ಟು, ಈಗ ಸರಿಯಾಗಿ ಹೇಳಿ ತಾಯೀ ಎಂದರು. "ಎದಿರ್ಕಿರೋಂ" ಎಂದಳು. ಇನ್ನೊಂದು ಸಲ ಎಂದರು. ಮೂರು ಸಲ ಹೇಳಿಸಿ, ಜನರಿಂದಲೂ ಹೇಳಿಸಿ, ಅವಳ ಕೈ ಹಿಡಿದು ಮೇಲೆತ್ತಿದರು. ಕ್ಯಾಮೆರಾಗಳು ಮಿಂಚಿದವು. ಸದನದಲ್ಲಿ ಎತ್ತುತ್ತೇನೆ ಎಂದರು. ಅವರ ಪಕ್ಷ ಅಧಿಕಾರದಲ್ಲಿದ್ದಾಗಲೇ ಆ ಗದ್ದೆಗಳಿಗೆ ಗುರುತಿನ ಕಲ್ಲು ನೆಟ್ಟದ್ದು ಎಂದು ಮೀನಕ್ಕ ಕೆಳಗೆ ಗೊಣಗುತ್ತಿದ್ದಳು. ಮನೆಗೆ ಬಂದು ಹೆಂಡತಿ ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಕೂತಳು.

"ಇಸ್ಕೂಲ್ ಮಕ್ಳ ಥರ ಮೂರು ಸಲ ಹೇಳುಸ್ಬುಟ್ರು. ಅಲ್ಲಿ ಹೇಳುದ್ರೆ ಏನ್ ಬಂತು? ಪುಸ್ತಕ ಅಲ್ಲಿರಲಿಲ್ವಲ್ಲ."

ಪುಸ್ತಕ ಇದ್ದದ್ದು ಸಭೆ ನಡೆಸಿದ ಕಚೇರಿಯಲ್ಲಿ. ಎರಡು ಬಸ್ಸು ಬದಲಿಸಿ ಅವಳು ಅಲ್ಲಿಗೆ ಆರು ಸಲ ಹೋದಳು. ವಿಡಿಯೋ ನೋಡಬೇಕು ಎಂದರು. ನೋಡಿದ್ದೇವೆ, ವಿಡಿಯೋದಲ್ಲೂ ಅದೇ ಇದೆ ಎಂದರು. ಸಾಹೇಬರು ವರ್ಗವಾದರು, ಹೊಸಬರು ಬರಲಿ ಎಂದರು. ಏಳನೆಯ ಸಲ ಹೋಗಬೇಕಾಗಿದ್ದ ದಿನ ಅವಳು ಬೆಳಿಗ್ಗೆ ನೀರಿನ ಲಾರಿಗೆ ಬಿಂದಿಗೆ ಇಟ್ಟು, ಸಾಲಿನಲ್ಲಿ ನಿಂತಿದ್ದವಳು ಕೂತುಕೊಂಡಳು. ಕೂತವಳು ಒರಗಿದಳು. ಮೀನಕ್ಕ ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ವರ್ಕ್‌ಶಾಪಿನಿಂದ ನಾನು ತಲುಪುವಷ್ಟರಲ್ಲಿ ಮುಗಿದಿತ್ತು. ತಲೆಯಲ್ಲಿ ರಕ್ತನಾಳ ಒಡೆದಿದೆ, ಬಿಪಿ ಬಹಳ ದಿನದಿಂದ ಇದ್ದಿರಬೇಕು ಎಂದರು ಡಾಕ್ಟರು. ಬೆಳಿಗ್ಗೆ ನನಗೆ ಡಬ್ಬಿ ಕಟ್ಟಿಕೊಟ್ಟಿದ್ದಳು. ಅದು ವರ್ಕ್‌ಶಾಪಿನ ಬೆಂಚಿನ ಮೇಲೆ ಹಾಗೇ ಇತ್ತು. ಆ ವಿಷಯ ನನಗೆ ಮೂರು ದಿನ ನೆನಪಾಗಲಿಲ್ಲ.

ಅವಳು ಸತ್ತದ್ದನ್ನೂ ಆ ಗುಂಡಿಯ ಲೆಕ್ಕಕ್ಕೆ ಸೇರಿಸಿದವರಿದ್ದಾರೆ. ನಾನು ಸೇರಿಸುವುದಿಲ್ಲ. ಡಾಕ್ಟರು ಹೇಳಿದ್ದಷ್ಟೇ ನನಗೆ ಗೊತ್ತು. ಆದರೆ ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ಗೋಡೆಗಳ ಮೇಲೆ ಕಣ್ಣೀರ್ ಅಂಜಲಿ ಪೋಸ್ಟರು ಅಂಟಿತ್ತು. ಇಲ್ಲಿ ಯಾರು ಸತ್ತರೂ ಅಂಟಿಸುತ್ತಾರೆ. ಚಪ್ಪರದಲ್ಲಿ ತೆಗೆದ ಚಿತ್ರದಿಂದ ಅವಳ ಮುಖವನ್ನಷ್ಟೇ ಕತ್ತರಿಸಿ ಹಾಕಿದ್ದರು, ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಆ ನಾಯಕರ ಮುಖ. ಕೆಳಗೆ ಕೆಂಪು ಅಕ್ಷರದಲ್ಲಿ ಎದಿರ್ಕಿರೋಂ. ಅವಳು ನಾಲ್ಕು ತಿಂಗಳು ಅಲೆದ ಪದ ಹೀಗೆ ಹಾಲಿನ ಬೂತಿನ ಗೋಡೆಯ ಮೇಲೆ ಸಿಕ್ಕಿತು. ಮಳೆಗೆ ಎರಡು ವಾರದಲ್ಲಿ ಕಿತ್ತುಬಂತು.

ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ, ಬಂದ ನೆಂಟರು ಮಂಡ್ಯದ ಬಸ್ಸು ಹತ್ತಿದ ಮೇಲೆ, ಮೀನಕ್ಕ ಪಾತ್ರೆ ತೊಳೆದುಕೊಡಲು ಬಂದಳು. ನಾನು ಅವಳಿಗೆ ಹೇಳಿದೆ. ಮಿಕ್ಸಿ, ಬಾಯಲ್ಲಿದ್ದ ಸ್ಕ್ರೂ, ಬೀದಿ ಮಾತು ಎಂದು ಹೀಗಳೆದದ್ದು, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾಯುತ್ತಿದ್ದೆ.

"ತೆರಿಯುಂ" ಎಂದಳು. ಗೊತ್ತು.



ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ ಅವಳು ಹೇಳಿದ್ದು ಇಷ್ಟು. ಆ ಸಭೆಗೆ ಮುಂಚಿನ ಎರಡು ವಾರ ನನ್ನ ಹೆಂಡತಿ ದಿನಾ ಬುಟ್ಟಿಯ ಮುಂದೆ ಕೂತು ಆ ವಾಕ್ಯವನ್ನು ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದಳಂತೆ. ಒಂದು ದಿನವೂ ತಪ್ಪಿರಲಿಲ್ಲವಂತೆ. "ಶನಿಕ್ಕಿಳಮೈ ವರೈಕ್ಕುಂ ಸರಿಯಾ ಸೊನ್ನಾ, ತಂಬಿ" ಎಂದಳು. ಶನಿವಾರದವರೆಗೂ ಸರಿಯಾಗಿ ಹೇಳುತ್ತಿದ್ದಳು. ಭಾನುವಾರ ಮೀನಕ್ಕ ಯಾರದೋ ಕೈಯಲ್ಲಿ ಕಳಿಸಿದ್ದ ಸಿಗಡಿ ಮನೆಗೆ ಬಂದಿತ್ತು, ಅವರಿಬ್ಬರೂ ಭೇಟಿಯಾಗಿರಲಿಲ್ಲ. ಆ ಒಂದು ದಿನ ಅವಳ ಹತ್ತಿರ ಇದ್ದವನು ನಾನೊಬ್ಬನೇ.

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?" ಎಂದು ತಮಿಳಿನಲ್ಲಿ ಕೇಳಿದೆ.

"ಅವಳೇ ಹೇಳಬೇಡ ಎಂದಿದ್ದಳು" ಎಂದಳು ಮೀನಕ್ಕ.

ಅಂದರೆ ಇಬ್ಬರೂ ಸೇರಿ ನನ್ನನ್ನು ಮುಚ್ಚಿಟ್ಟಿದ್ದರು. ನಾನು ಮಾತ್ರ ಗುಟ್ಟು ನನ್ನದೊಂದೇ ಎಂದುಕೊಂಡು ಓಡಾಡುತ್ತಿದ್ದೆ.

ಕ್ಯಾಲೆಂಡರಿನ ಹಾಳೆ ಅವಳ ಪರ್ಸಿನಲ್ಲಿ ಸಿಕ್ಕಿತು. ಒಂದು ಬದಿಗೆ ಶನಿವಾರದ ರಾಹುಕಾಲ, ಇನ್ನೊಂದು ಬದಿಗೆ ಕನ್ನಡ ಅಕ್ಷರದಲ್ಲಿ ಅವಳ ತಮಿಳು. ಸರಿಯಾದ ಪದದ ಮೇಲೆ ಎರಡು ಗೆರೆ. ಅದರ ಕೆಳಗೆ ದುಂಡಗೆ, ನಿಧಾನವಾಗಿ ಬರೆದ ನನ್ನ ಪದ.

ಅದರ ಜೆರಾಕ್ಸ್ ಇಟ್ಟು ಕಚೇರಿಗೆ ಅರ್ಜಿ ಕೊಟ್ಟೆ. ಈ ಸಲ ಸೂಪರ್‌ವೈಸರ್ ನೆನಪಾಗಲಿಲ್ಲ. ತಪ್ಪು ಪದ ಹೇಳಿಕೊಟ್ಟವನು ನಾನು, ಅವಳು ಮೊದಲು ಬರೆದದ್ದು ವಿರೋಧಿಸುತ್ತೇವೆ ಎಂದೇ, ಈ ಹಾಳೆಯೇ ಸಾಕ್ಷಿ, ದಯವಿಟ್ಟು ಅವಳ ಹೇಳಿಕೆಯನ್ನು ತಿದ್ದಿ ಎಂದು ಮೀನಕ್ಕನಿಂದ ತಮಿಳಿನಲ್ಲಿ ಬರೆಸಿ ಸಹಿ ಮಾಡಿದೆ. ಅವಳ ಮರಣ ಪ್ರಮಾಣಪತ್ರದ ಪ್ರತಿಯನ್ನೂ ಲಗತ್ತಿಸಿದೆ. ಕೌಂಟರಿನಲ್ಲಿದ್ದವರು ಹಾಳೆಯನ್ನು ತಿರುಗಿಸಿ ನೋಡಿ, "ಇದು ಯಾವ ಭಾಷೆ?" ಎಂದು ಕೇಳಿದರು. ತಮಿಳು ಎಂದೆ. ಅವರು ನನ್ನ ಮುಖ ನೋಡಿ ಸೀಲು ಒತ್ತಿದರು.

ಉತ್ತರ ಕಳೆದ ತಿಂಗಳು ಬಂತು. ಮೀನಕ್ಕ ಬಾಗಿಲಲ್ಲಿ ನಿಂತು ಓದಿದಳು. ಓದಿ, ಮತ್ತೆ ಒಂದು ಸಲ ತನ್ನಷ್ಟಕ್ಕೆ ಓದಿಕೊಂಡಳು. ಕಸದ ಗುಂಡಿಯ ಯೋಜನೆ ಪರಿಶೀಲನೆಯಲ್ಲಿದೆಯಂತೆ. ತಿದ್ದುಪಡಿಯ ಬಗ್ಗೆ ಒಂದೇ ಸಾಲು ಇತ್ತು. ಹೇಳಿಕೆ ನೀಡಿದವರು ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಹಾಜರಾಗಬೇಕು.

ಅಳಿವೆಯ ಆಚೆ ಗುರುತಿನ ಕಲ್ಲುಗಳು ಹಾಗೇ ಇವೆ, ಅಡುಗೆಮನೆಯ ಕಿಟಕಿಯಿಂದ ಕಾಣುತ್ತವೆ. ನಡಾವಳಿಯಲ್ಲಿ ಅವಳ ಹೆಸರು ಇನ್ನೂ ಬೆಂಬಲಿಸಿದವರ ಪಟ್ಟಿಯಲ್ಲೇ ಇದೆ. ಅವಳು ಹೇಳಬೇಕೆಂದಿದ್ದ ಮಾತು ಆ ಪುಟದಲ್ಲಿ ಇಲ್ಲ.